ಕನ್ನಡಿಯಲ್ಲಿ ಕಾಣದ ರಟ್ಟೆ

(1/9)

ಯಾರಿಗಾದ್ರೂ “ಎಲ್ಲಿ, ರಟ್ಟೆ ತೋರ್ಸು” ಅಂತ ಹೇಳಿ ನೋಡಿ. ಯುಕೆಜಿ ಮಗುವಿನಿಂದ ಹಿಡಿದು ಪಕ್ಕದ್ಮನೆ ಅಂಕಲ್ ತನಕ ಎಲ್ರೂ ಮಾಡೋದು ಒಂದೇ. ಮೊಣಕೈ ಮಡಚಿ, ಮುಷ್ಟಿ ಬಿಗಿದು, ತೋಳಿನ ಮುಂದೆ ಏಳೋ ಗುಡ್ಡೆ ತೋರಿಸ್ತಾರೆ. ಅದು ಬೈಸೆಪ್ಸ್. ಕೈ ಚಾಚಿ, ತಿರುಗಿಸಿ, ತೋಳಿನ ಹಿಂಭಾಗ ತೋರಿಸಿದವರನ್ನ ನಾನಂತೂ ಇನ್ನೂ ನೋಡಿಲ್ಲ.

ಆದ್ರೆ ಹಿಂದೆ ಇರೋ ಟ್ರೈಸೆಪ್ಸೇ ದೊಡ್ಡದು. ಆರೋಗ್ಯವಾಗಿರೋ ಯುವಕರ ತೋಳನ್ನ ಸ್ಕ್ಯಾನ್ ಮಾಡಿ ಅಳೆದಾಗ, ಮುಂದಿರೋ ಬೈಸೆಪ್ಸ್ ಮತ್ತು ಅದರ ಅಡಿಯಲ್ಲಿರೋ ಬ್ರೇಕಿಯಾಲಿಸ್ ಎರಡನ್ನೂ ಸೇರಿಸಿದ್ರೂ ಟ್ರೈಸೆಪ್ಸ್ ಒಂದರ ಗಾತ್ರಕ್ಕೆ ಕಮ್ಮಿ ಬರುತ್ತೆ. ತೋಳಿನ ಮುಕ್ಕಾಲು ಮಾತು ಬೈಸೆಪ್ಸ್ ಬಗ್ಗೆ, ಮಾಂಸ ಮಾತ್ರ ಹಿಂದೆ.

ಈ ವಾರದ ಸರಣಿಯಲ್ಲಿ ನನ್ನದೊಂದು ತಕರಾರಿದೆ. ಟ್ರೈಸೆಪ್ಸನ್ನ ನಾವು ತಪ್ಪು ಜಾಗದಲ್ಲಿ ಪರಿಚಯ ಮಾಡ್ಕೊಂಡಿದ್ದೀವಿ. ಜಿಮ್‌ನಲ್ಲಿ ಅದು ‘ಶೇಪ್’. ನಮ್ಮ ಬಿಪಿಟಿ ಕ್ಲಾಸಲ್ಲಿ ಅದು ಒರಿಜಿನ್, ಇನ್ಸರ್ಷನ್, ನರ್ವ್ ಸಪ್ಲೈ, ಆಕ್ಷನ್ ಅನ್ನೋ ನಾಲ್ಕು ಸಾಲು. ವೈವಾ ಮುಗಿದ ಮೇಲೆ ಅದೂ ಇಲ್ಲ. ನಿಜಕ್ಕೂ ಅದು ಮನುಷ್ಯ ಇನ್ನೊಬ್ಬರ ಕೈ ಹಿಡಿಯದೆ ಎದ್ದೇಳೋಕೆ ಇರೋ ಸ್ನಾಯು. ಅದು ಇದ್ಯೋ ಇಲ್ವೋ ಅನ್ನೋದರ ಮೇಲೆ ಕೆಲವರ ಇಡೀ ಬದುಕು ಬೇರೆ ಥರ ಆಗುತ್ತೆ. ಅಲ್ಲಿಗೆ ಬರ್ತೀನಿ, ಸ್ವಲ್ಪ ತಾಳ್ಮೆ ಇರ್ಲಿ.

(2/9)

ಮೊದಲು ಮುಟ್ಟಿ ನೋಡೋಣ. ಪುಸ್ತಕ ಆಮೇಲೆ.

ಎಡ ಅಂಗೈಯನ್ನ ಮೇಜಿನ ಮೇಲಿಟ್ಟು ಕೆಳಕ್ಕೆ ಒತ್ತಿ. ಬಲಗೈಯಿಂದ ಎಡತೋಳಿನ ಹಿಂಭಾಗ ಹಿಡ್ಕೊಳ್ಳಿ. ಗಟ್ಟಿಯಾಯ್ತಲ್ಲ, ಅದೇ. ಹೊರಗಡೆ ಉಬ್ಬಿರೋದು ಲ್ಯಾಟರಲ್ ಹೆಡ್. ಒಳಗಡೆ, ಕಂಕುಳ ಕಡೆಯಿಂದ ಇಳಿದು ಬರೋದು ಲಾಂಗ್ ಹೆಡ್. ಅವೆರಡರ ನಡುವೆ ಕೆಳಗೆ ಚಪ್ಪಟೆಯಾಗಿ ಸಿಗೋದು ಟೆಂಡನ್. ಮೂರನೆಯದು ಮೀಡಿಯಲ್ ಹೆಡ್, ಇವೆರಡರ ಅಡಿಯಲ್ಲಿ ಮೂಳೆಗೆ ಅಂಟಿಕೊಂಡು ಮಲಗಿರುತ್ತೆ. ಮೊಣಕೈ ಹತ್ರ ಅಕ್ಕಪಕ್ಕ ಸ್ವಲ್ಪ ಇಣುಕುತ್ತೆ ಅಷ್ಟೇ. ಹೆಸರು ‘ಮೀಡಿಯಲ್’ ಅಂತಿದ್ರೂ ‘ಡೀಪ್’ ಅಂತ ಕರೆದಿದ್ರೆ ನಮ್ಮಂಥ ಸ್ಟೂಡೆಂಟ್‌ಗಳಿಗೆ ಅರ್ಧ ಗೊಂದಲ ಕಡಿಮೆ ಆಗ್ತಿತ್ತು.

ಎಲ್ಲಿಂದ ಹುಟ್ಟುತ್ತೆ ಅನ್ನೋದನ್ನ ಬಾಯಿಪಾಠ ಮಾಡ್ಬೇಡಿ, ಚಿತ್ರ ಇಟ್ಕೊಳ್ಳಿ. ಹ್ಯೂಮರಸ್ ಮೂಳೆಯ ಹಿಂದೆ ಓರೆಯಾಗಿ ಇಳಿಯೋ ಒಂದು ಕಾಲುವೆ ಇದೆ, ರೇಡಿಯಲ್ ಗ್ರೂವ್. ಕಾಲುವೆಯ ಮೇಲಿನ ದಂಡೆಯಿಂದ ಲ್ಯಾಟರಲ್ ಹೆಡ್ ಹೊರಡುತ್ತೆ, ಕೆಳಗಿನ ದಂಡೆಯಿಂದ ಮೀಡಿಯಲ್ ಹೆಡ್. ಕಾಲುವೆಯೊಳಗೆ ಹೋಗೋದು ರೇಡಿಯಲ್ ನರ್ವ್, ಜೊತೆಗೆ ಪ್ರೊಫಂಡಾ ಬ್ರೇಕಿಯೈ ಅನ್ನೋ ರಕ್ತನಾಳ. ಈ ಒಂದು ಚಿತ್ರ ತಲೇಲಿದ್ರೆ ನಾಲ್ಕು ಪ್ರಶ್ನೆಗೆ ಉತ್ತರ ತಾನೇ ಬರುತ್ತೆ.

ಲಾಂಗ್ ಹೆಡ್ ಮಾತ್ರ ಈ ಮೂಳೆಯದ್ದೇ ಅಲ್ಲ. ಅದು ಹೆಗಲ ಹಲಗೆಯಿಂದ, ಅಂದ್ರೆ ಸ್ಕ್ಯಾಪುಲಾದಿಂದ ಬರುತ್ತೆ. ಭುಜದ ಗುಣಿಯ ಕೆಳಗಿರೋ ಒಂದು ಸಣ್ಣ ಗಂಟಿನಿಂದ. ಹಾಗಾಗಿ ಅದು ಭುಜ, ಮೊಣಕೈ ಎರಡೂ ಕೀಲುಗಳನ್ನ ದಾಟುತ್ತೆ. ಮೊಣಕೈ ನೆಟ್ಟಗೆ ಮಾಡೋದರ ಜೊತೆಗೆ ತೋಳನ್ನ ಹಿಂದಕ್ಕೆ ಎಳೆಯೋದು, ಮೈಗೆ ಒತ್ತಿ ಹಿಡಿಯೋದು ಕೂಡ ಅದರ ಕೆಲಸ.

ಮೂರೂ ಸೇರಿ ಅಲ್ನಾದ ಒಲೆಕ್ರಾನನ್‌ಗೆ ಬಂದು ಕೂರುತ್ತೆ. ಮೊಣಕೈ ಊರಿ ಫೋನ್ ನೋಡುವಾಗ ಮೇಜಿಗೆ ತಾಗುತ್ತಲ್ಲ, ಆ ಮೂಳೆ.

(3/9)

ಮೂರು ತಲೆ ಇದ್ರೂ ಮೂರಕ್ಕೂ ಸಮಪಾಲು ಕೆಲಸ ಇಲ್ಲ. ಜಾಯಿಂಟ್ ಫ್ಯಾಮಿಲಿ ಥರಾನೇ. ಸಣ್ಣಪುಟ್ಟದಕ್ಕೆಲ್ಲಾ, ಭಾರ ಇಲ್ಲದೆ ಸುಮ್ನೆ ಕೈ ಚಾಚೋದಕ್ಕೂ, ಹೆಚ್ಚಾಗಿ ದುಡಿಯೋದು ಅಡಿಯಲ್ಲಿ ಮಲಗಿರೋ ಮೀಡಿಯಲ್ ಹೆಡ್. ಭಾರ ಬಿದ್ದಾಗ ಲ್ಯಾಟರಲ್, ಲಾಂಗ್ ಎರಡೂ ಜೋರಾಗಿ ಸೇರ್ಕೊಳ್ತವೆ. ಫೋಟೋದಲ್ಲಿ ಕಾಣೋದು ಆ ಎರಡೇ ಅನ್ನೋದು ಬೇರೆ ವಿಷಯ.

ಈಗ ಒಂದು ಲೆಕ್ಕ. ಮೊಣಕೈ ಕೀಲಿನ ನಡುವಿನಿಂದ ಟ್ರೈಸೆಪ್ಸ್ ಎಳೆಯೋ ಗೆರೆಗೆ ಇರೋ ಅಂತರ ಹೆಚ್ಚುಕಮ್ಮಿ 2 ಸೆಂಟಿಮೀಟರ್. ಅದೇ ಕೀಲಿನಿಂದ ಅಂಗೈಗೆ 25 ಸೆಂಟಿಮೀಟರಿಗಿಂತ ಜಾಸ್ತಿ. ಅಂದ್ರೆ ಮೊಣಕೈ ಮಡಚಿ ಅಂಗೈಯಿಂದ ಮುಂಗೈಗೆ ಅಡ್ಡವಾಗಿ 10 ಕೆಜಿಯಷ್ಟು ತಳ್ಳಬೇಕಾದ್ರೆ ಸ್ನಾಯು ನೂರು ಕೆಜಿಗಿಂತ ಹೆಚ್ಚು ಎಳೆಯಬೇಕು. ಬೈಸೆಪ್ಸ್‌ಗೆ ಈ ಅಂತರ ಇದರ ಎರಡರಷ್ಟು ಸಿಗುತ್ತೆ. ಟ್ರೈಸೆಪ್ಸ್ ಗಾತ್ರದಲ್ಲಿ ದೊಡ್ಡದಾಗಿದ್ರೂ ‘ಮಡಚೋ ಶಕ್ತಿ’ ಸಾಮಾನ್ಯವಾಗಿ ‘ಚಾಚೋ ಶಕ್ತಿ’ಗಿಂತ ಹೆಚ್ಚು ಬರೋದು ಇದಕ್ಕೇ. ಬಡಪಾಯಿಗೆ ಸಿಕ್ಕಿರೋ ಸನ್ನೆಗೋಲೇ ಚಿಕ್ಕದು.

ಚಿಕ್ಕ ಸನ್ನೆಗೋಲಿಗೆ ಒಂದು ಲಾಭ ಇದೆ: ವೇಗ. ಒಲೆಕ್ರಾನನ್ ಒಂಚೂರು ಎಳೆದ್ರೆ ಅಂಗೈ ದೂರ ಹೋಗುತ್ತೆ. ಕಲ್ಲು ಬೀಸೋಕೆ, ಗುದ್ದೋಕೆ, ಬೌಂಡರಿಯಿಂದ ಥ್ರೋ ಮಾಡೋಕೆ ಇದು ಬೇಕು. ಕ್ರಿಕೆಟ್ಟಿನಲ್ಲಿ ಬೌಲಿಂಗಿಗೂ ಥ್ರೋಗೂ ಇರೋ ಗಡಿಯೇ ಮೊಣಕೈ ಎಷ್ಟು ಚಾಚಿಕೊಳ್ತು ಅನ್ನೋದು. 2005ರಿಂದ ಐಸಿಸಿ 15 ಡಿಗ್ರಿ ತನಕ ಬಿಡುತ್ತೆ. ಮುರಳೀಧರನ್ ಬಗ್ಗೆ ವರ್ಷಗಟ್ಟಲೆ ಜಗಳ ಆಡಿದ್ದೆಲ್ಲಾ ಈ ಕೀಲಿನ ಬಗ್ಗೆನೇ.

ಕ್ಲಾಸ್‌ಮೇಟ್ಸ್‌ಗೆ ಒಂದು ಪ್ರಶ್ನೆ. ಪುಷ್‌ಅಪ್ ಮಾಡುವಾಗ ಕೆಳಗೆ ಇಳೀತೀರಿ, ಮೊಣಕೈ ಮಡಚುತ್ತೆ. ಕೆಲಸ ಮಾಡ್ತಿರೋದು ಯಾರು? ‘ಮಡಚೋದು ಬೈಸೆಪ್ಸ್’ ಅಂದ್ರೆ ಮಾರ್ಕ್ಸ್ ಇಲ್ಲ. ಮಡಚ್ತಿರೋದು ನಿಮ್ಮ ಮೈಭಾರ. ಟ್ರೈಸೆಪ್ಸ್ ಬ್ರೇಕ್ ಹಿಡಿದಿದೆ, ಉದ್ದ ಆಗ್ತಾ ಆಗ್ತಾ ತಡೀತಿದೆ. ಹಾಗೇ ನೀರಿನ ಲೋಟ ಬಾಯಿಂದ ಕೆಳಗಿಳಿಸುವಾಗ ಕೈ ಚಾಚುತ್ತೆ, ಆದ್ರೆ ಅಲ್ಲಿ ಟ್ರೈಸೆಪ್ಸ್ ಹೆಚ್ಚುಕಮ್ಮಿ ಸುಮ್ನಿರುತ್ತೆ. ನಿಧಾನಕ್ಕೆ ಬಿಡ್ತಿರೋದು ಬೈಸೆಪ್ಸ್. ಗುರುತ್ವ ಯಾವ ಕಡೆ ಎಳೀತಿದೆ ಅಂತ ನೋಡದೆ ‘ಆಕ್ಷನ್: ಎಲ್ಬೋ ಎಕ್ಸ್‌ಟೆನ್ಷನ್’ ಅಂತ ಬರೆದ್ರೆ ಅರ್ಧ ಸತ್ಯ. ಈ ಅರ್ಧ ಸತ್ಯ 7ನೇ ಕ್ಯಾಪ್ಷನ್‌ನಲ್ಲಿ ದುಬಾರಿ ಆಗುತ್ತೆ, ನೆನಪಿಟ್ಕೊಳ್ಳಿ.

(4/9)

ತಳ್ಳೋದು. ಒತ್ತೋದು. ಊರೋದು. ಇವು ಟ್ರೈಸೆಪ್ಸ್‌ನ ಕ್ರಿಯಾಪದಗಳು.

ಚಪಾತಿ ಲಟ್ಟಿಸುವಾಗ ಲಟ್ಟಣಿಗೆ ಮುಂದಕ್ಕೆ ಹೋಗೋ ಆ ಅರ್ಧ ಚಲನೆ. ಬೋರ್‌ವೆಲ್ ಹ್ಯಾಂಡ್‌ಪಂಪಿನ ಹಿಡಿ ಕೆಳಗೆ ಒತ್ತೋದು. ಕೆಟ್ಟು ನಿಂತ ಆಟೋನ ಹಿಂದಿಂದ ತಳ್ಳೋದು. ಒನಕೆ ಕೆಳಗೆ ಇಳಿಯೋದು, ಅಲ್ಲಿ ಲಾಂಗ್ ಹೆಡ್‌ಗೆ ಭುಜದ ಕೆಲಸವೂ ಸೇರುತ್ತೆ. ಬಟ್ಟೆ ಕಲ್ಲಿನ ಮೇಲೆ ಬ್ರಷ್ ಹಾಕಿ ಉಜ್ಜೋದು. ಈ ಕೆಲಸ ಮಾಡೋರಲ್ಲಿ ಯಾರೂ ‘ಆರ್ಮ್ಸ್ ಡೇ’ ಅಂತ ಕರೆಯಲ್ಲ. ರಟ್ಟೆ ಮುರಿದು ದುಡಿಯೋದು ಅಂತೀವಲ್ಲ, ಆ ದುಡಿಮೆಯ ದೊಡ್ಡ ಪಾಲು ಹಿಂದಿನ ರಟ್ಟೆಯದ್ದು.

ನಮ್ಮ ಗರಡಿಮನೆಗಳಿಗೆ ಇದು ಗೊತ್ತಿತ್ತು. ಮೈಸೂರಿನ ಗರಡಿಗೆ ಹೋಗಿ ನೋಡಿ, ಕೆಮ್ಮಣ್ಣಿನ ಅಖಾಡಕ್ಕೆ ಇಳಿಯೋ ಮೊದಲು ಬಸ್ಕಿ, ದಂಡ. ದಂಡ ಅಂದ್ರೆ ಬರೀ ಪುಷ್‌ಅಪ್ ಅಲ್ಲ. ಸೊಂಟ ಮೇಲೆತ್ತಿ, ಎದೆಯನ್ನ ನೆಲಕ್ಕೆ ಸವರಿಸ್ತಾ ಮುಂದೆ ಜಾರಿ, ಕೈ ನೆಟ್ಟಗೆ ಮಾಡಿ ತಲೆ ಎತ್ತೋದು. ಭುಜವೂ ಮೊಣಕೈಯೂ ಒಟ್ಟಿಗೆ ತಿರುಗ್ತವೆ, ಹಾಗಾಗಿ ಎರಡು ಕೀಲು ದಾಟೋ ಲಾಂಗ್ ಹೆಡ್‌ಗೆ ಪೂರ್ತಿ ಉದ್ದಕ್ಕೆ ಕೆಲಸ. ಅಲ್ಲಿ ಯಾವ ಉಸ್ತಾದರೂ ‘ಬೈಸೆಪ್ಸ್ ಎಷ್ಟು ಇಂಚು’ ಅಂತ ಶುರು ಮಾಡಲ್ಲ. ಎದುರಾಳಿ ಮೇಲೆ ಬಿದ್ದಾಗ ನೆಲದಿಂದ ಮೈ ಎತ್ತಬೇಕು, ಕೆಳಗೆ ಸಿಕ್ಕಿಕೊಂಡಾಗ ಕೈ ಊರಿ ಹೊರಗೆ ಬರಬೇಕು. ಏಳೋಕೆ ಬೇಕಾದ ಸ್ನಾಯು ಅಂತಲೇ ಅವರು ತೋಳನ್ನ ಕಟ್ಟಿದ್ದು.

ಹಳೇದೆಲ್ಲಾ ಚಿನ್ನ ಅಂತ ನಾನು ಹೇಳ್ತಿಲ್ಲ. ಮಣಿಕಟ್ಟು, ಭುಜ ನೋವಿದ್ದವರಿಗೆ ದಂಡ ಆಗಿಬರಲ್ಲ. ಆದ್ರೆ ಆ ಕ್ರಮದಲ್ಲಿ ಕೆಲಸ ಮೊದಲು, ಆಕಾರ ಆಮೇಲೆ. ನಮ್ಮದು ತಿರುಗುಮುರುಗು ಆಗಿದೆ.

(5/9)

ಜಿಮ್ ಹುಡುಗರಿಗೆ ಬೇಜಾರಾಗ್ಬೇಡಿ, ನಾನೂ ಹೋಗ್ತೀನಿ. ಆದ್ರೆ ಕನ್ನಡಿ ಮುಂದೆ ಇರೋದ್ರಿಂದ ಮುಂದೆ ಕಾಣೋದನ್ನೇ ಕಟ್ತೀವಿ ಅನ್ನೋದು ನಿಜ ತಾನೇ? ವಾರಕ್ಕೆ ಮೂರು ದಿನ ಕರ್ಲ್, ಕೊನೇಲಿ ಟೈಮ್ ಉಳಿದ್ರೆ ಎರಡು ಸೆಟ್ ಪುಷ್‌ಡೌನ್. ಟಿ-ಶರ್ಟ್ ತೋಳು ಬಿಗಿ ಆಗ್ಬೇಕು ಅನ್ನೋದೇ ಗುರಿ ಅಂತಾದ್ರೂ ಈ ಲೆಕ್ಕ ತಪ್ಪು, ತೋಳನ್ನ ತುಂಬೋದು ಹಿಂದಿನ ಸ್ನಾಯು.

ಮಾಡೋದಾದ್ರೆ ಲಾಂಗ್ ಹೆಡ್ ಮರೀಬೇಡಿ. ತೋಳು ಮೈ ಪಕ್ಕ ಇದ್ರೆ ಅದು ಸಡಿಲವಾಗಿರುತ್ತೆ, ತಲೆ ಮೇಲೆ ಎತ್ತಿದ್ರೆ ಮಾತ್ರ ಚೆನ್ನಾಗಿ ಹಿಗ್ಗುತ್ತೆ. 2022ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನದಲ್ಲಿ 21 ಜನರಿಗೆ 12 ವಾರ ಒಂದು ಕೈಗೆ ತಲೆ ಮೇಲಿನ ಎಕ್ಸ್‌ಟೆನ್ಷನ್, ಇನ್ನೊಂದು ಕೈಗೆ ಮೈ ಪಕ್ಕದ್ದು ಮಾಡಿಸಿದ್ರು. ತಲೆ ಮೇಲೆ ಮಾಡಿದ ಕೈಯ ಟ್ರೈಸೆಪ್ಸ್ ಹೆಚ್ಚು ಬೆಳೀತು, ಅದೂ ಕಮ್ಮಿ ತೂಕ ಎತ್ತಿಯೂ. ಚಿಕ್ಕ ಅಧ್ಯಯನ, ಆದ್ರೆ ಅನಾಟಮಿ ಹೇಳೋದಕ್ಕೆ ಸರಿಯಾಗಿ ಹೊಂದುತ್ತೆ.

ಇನ್ನು ಹುಡುಗಿಯರಿಗೆ ಸಿಗೋ ಉಪದೇಶ. “ಕೈ ಜೋತು ಬಿದ್ದಿದೆ, ಸ್ಲೀವ್‌ಲೆಸ್ ಹಾಕ್ಬೇಡ.” ಮದುವೆ ಮನೇಲಿ ದೊಡ್ಡಮ್ಮ ಹೇಳ್ತಾರೆ, ರೀಲ್ಸ್‌ನಲ್ಲಿ ಕೋಚ್ ಹೇಳ್ತಾನೆ, ಅವನ ಹತ್ರ 7 ದಿನದ ಪರಿಹಾರವೂ ಇರುತ್ತೆ. ಕೇಳಿ, ತೋಳಿನ ಹಿಂದೆ ಚರ್ಮದಡಿ ಕೊಬ್ಬು ಸೇರೋದು ಸಾಮಾನ್ಯ. ಎಷ್ಟು ಸಾಮಾನ್ಯ ಅಂದ್ರೆ ಮೈಯ ಕೊಬ್ಬು ಅಂದಾಜು ಮಾಡೋಕೆ ಕ್ಯಾಲಿಪರ್ ಇಟ್ಟು ಚಿವುಟೋ ಜಾಗಗಳಲ್ಲಿ ಅದೂ ಒಂದು. ಟ್ರೈಸೆಪ್ಸ್ ವ್ಯಾಯಾಮ ಮಾಡಿದ್ರೆ ಅದರ ಅಡಿಯ ಸ್ನಾಯು ಗಟ್ಟಿ ಆಗುತ್ತೆ, ಮೇಲಿನ ಕೊಬ್ಬನ್ನ ಆ ಜಾಗದಿಂದಲೇ ಆರಿಸಿ ಕರಗಿಸೋಕೆ ಆಗಲ್ಲ. ಆ ಕೋಚ್‌ಗೆ ಇದು ಗೊತ್ತಿಲ್ಲದಿದ್ರೆ ಓದಿಲ್ಲ ಅಂತ ಅರ್ಥ. ಗೊತ್ತಿದ್ದೂ ಹೇಳ್ತಿದ್ರೆ ಅನ್‌ಫಾಲೋ ಮಾಡಿ.

ಸ್ಲೀವ್‌ಲೆಸ್ ಹಾಕ್ಕೊಳ್ಳಿ. ವ್ಯಾಯಾಮಾನೂ ಮಾಡಿ. ಒಂದಕ್ಕೊಂದು ಸಂಬಂಧ ಇಲ್ಲ.

(6/9)

ಈಗ ಮನೆಗೆ ಬನ್ನಿ. ಊಟ ಆಗಿ ಚಾಪೆಯಿಂದ ಏಳೋ ಅಜ್ಜಿಯನ್ನ ಒಮ್ಮೆ ಗಮನಿಸಿ. ಮೊದಲು ಒಂದು ಅಂಗೈ ಪಕ್ಕದಲ್ಲಿ ನೆಲಕ್ಕೆ. ಮೈ ಆ ಕಡೆ ವಾಲುತ್ತೆ. ಮೊಣಕೈ ಮಡಚಿದ್ದು ನೆಟ್ಟಗಾಗುತ್ತೆ, ಸೊಂಟ ನೆಲ ಬಿಡುತ್ತೆ. ಆಮೇಲೆ ಇನ್ನೊಂದು ಕೈ ಮಂಡಿ ಮೇಲೆ, ಅಲ್ಲೂ ಒತ್ತಿ ಮೇಲಕ್ಕೆ. ತೊಡೆಯ ಶಕ್ತಿ ಕುಂದಿದಾಗ ಬಾಕಿ ತುಂಬೋದು ಕೈ. ಎದ್ದು ನಿಲ್ಲೋದು ಕಾಲಿನ ಕೆಲಸ ಅಂತ ನಾವು ಓದ್ತೀವಿ, ಎಪ್ಪತ್ತರ ಮೇಲೆ ಅದು ಕಾಲು-ಕೈ ಇಬ್ಬರ ಪಾಲುದಾರಿಕೆ.

ಕೈಯೂ ಸೋತ ದಿನದಿಂದ ಮನೆಯ ವ್ಯವಸ್ಥೆಯೇ ಬದಲಾಗುತ್ತೆ. ಚಾಪೆ ಹೋಗಿ ಕುರ್ಚಿ ಬರುತ್ತೆ. ಬಚ್ಚಲಿಗೆ ಹೋಗೋಕೆ ಯಾರನ್ನಾದ್ರೂ ಕೂಗಬೇಕು. ಕೂಗೋಕೆ ಸಂಕೋಚ, ಹಾಗಾಗಿ ನೀರು ಕುಡಿಯೋದು ಕಮ್ಮಿ. ಇದನ್ನ ಯಾರೂ ‘ಟ್ರೈಸೆಪ್ಸ್ ವೀಕ್‌ನೆಸ್’ ಅನ್ನಲ್ಲ, ‘ವಯಸ್ಸಾಯ್ತು’ ಅಂತಾರೆ.

ಮನೇಲಿ ಮಾಡಬಹುದಾದ್ದು ಸುಲಭ. ಅಜ್ಜಿ-ತಾತಂಗೆ ಕೈ ಇರೋ ಕುರ್ಚಿ ಕೊಡಿ. ಕೈಯಿಲ್ಲದ ಸ್ಟೂಲ್, ಮೆತ್ತಗೆ ಒಳಗೆ ಹೂತುಹೋಗೋ ಸೋಫಾ ಎರಡೂ ಬೇಡ. ಕುರ್ಚಿ ಗೋಡೆಗೆ ಒರಗಿರಲಿ. ಎರಡೂ ಅಂಗೈ ಕುರ್ಚಿಯ ಕೈ ಮೇಲೆ, ಕಾಲು ನೆಲದ ಮೇಲೇ ಇಟ್ಟು, ಒತ್ತಿ ಸೊಂಟ ಒಂದಿಂಚು ಎತ್ತಿ ಇಳಿಸೋದು. ಐದು ಸಲದಿಂದ ಶುರು. ಆಗದವರಿಗೆ ನಿಂತು ಗೋಡೆಗೆ ಅಂಗೈ ಊರಿ ಹಿಂದೆ-ಮುಂದೆ. ಎದೆ ತೆರೆದು ಹೃದಯದ ಆಪರೇಷನ್ ಆದವರು ಮಾತ್ರ ಡಾಕ್ಟರ್ ಹೇಳೋ ತನಕ ಹೀಗೆ ಕೈ ಊರಿ ಒತ್ತಬಾರದು. ಎದೆ ಮೂಳೆ ಕೂಡಿಕೊಳ್ಳೋಕೆ ವಾರಗಳು ಬೇಕು.

ಇನ್ನೊಂದು ಮಾತು. ಅಜ್ಜಿ ಏಳುವಾಗ ಓಡಿಹೋಗಿ ಕಂಕುಳಿಗೆ ಕೈ ಹಾಕಿ ಎತ್ತೋದು ಪ್ರೀತಿ ಅನ್ನಿಸುತ್ತೆ. ಅವರಿಗೆ ಆಗ್ತಿದ್ರೆ ಬಿಡಿ, ಪಕ್ಕದಲ್ಲಿ ನಿಂತಿರಿ ಸಾಕು. ದಿನಕ್ಕೆ ಹತ್ತು ಸಲ ಏಳೋದೇ ಅವರ ಜಿಮ್.

(7/9)

ಈ ಸರಣಿ ಬರೆದಿದ್ದು ಮುಖ್ಯವಾಗಿ ಈ ಕ್ಯಾಪ್ಷನ್‌ಗೋಸ್ಕರ.

ಕತ್ತಿನಲ್ಲಿ ಏಳು ಮೂಳೆ, ಎಂಟು ಜೊತೆ ನರ. ಬೆನ್ನುಹುರಿಗೆ ಅಲ್ಲಿ ಪೆಟ್ಟಾದ್ರೆ, ಎಲ್ಲಿ ತನಕ ನರಗಳು ಸರಿ ಉಳಿದಿವೆ ಅನ್ನೋದನ್ನ ಹಿಡಿದು ಲೆವೆಲ್ ಹೇಳ್ತೀವಿ. ಪರೀಕ್ಷೆಗೆ ಕೈಯಲ್ಲಿ ಐದು ಸ್ನಾಯು ಗುಂಪು ನೋಡ್ತಾರೆ. ಮೊಣಕೈ ಮಡಚೋದು ಸಿ5. ಮಣಿಕಟ್ಟು ಹಿಂದಕ್ಕೆ ಎತ್ತೋದು ಸಿ6. ಮೊಣಕೈ ಚಾಚೋದು ಸಿ7. ಬೆರಳು ಮಡಚೋದು ಸಿ8, ಕಿರುಬೆರಳು ಅಗಲಿಸೋದು ಟಿ1. ಕ್ಲಾಸಲ್ಲಿ ಇದು ಒಂದು ಟೇಬಲ್. ಎಲ್ರಿಗೂ ಬರುತ್ತೆ.

ಈ ಟೇಬಲ್‌ನ ಎರಡು ಸಾಲುಗಳ ನಡುವೆ ಏನಿದೆ ಅಂತ ನೋಡೋಣ. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದವರು, ಬೈಕಿನಿಂದ ಎಸೆಯಲ್ಪಟ್ಟವರು, ಕಟ್ಟಡದ ಸಾರುವೆಯಿಂದ ಜಾರಿದವರು: ನಮ್ಮ ಕಡೆ ಬೆನ್ನುಹುರಿ ಪೆಟ್ಟು ಬರೋದು ಹೆಚ್ಚಾಗಿ ಹೀಗೆ. ಒಬ್ಬರಿಗೆ ಸಿ5 ತನಕ ಉಳಿದಿದೆ ಅನ್ಕೊಳ್ಳಿ. ಬೈಸೆಪ್ಸ್ ಇದೆ. ಕೈ ಬಾಯಿಗೆ ಬರುತ್ತೆ. ಕುರ್ಚಿ ಮೇಲೆ ಕೂತಿದ್ದಾಗ ಕೈ ಸಡಿಲ ಬಿಟ್ರೆ ತಾನೇ ಚಾಚುತ್ತೆ, ಗುರುತ್ವ ಎಳೆಯುತ್ತಲ್ಲ. ನೋಡಿದವರು ‘ಕೈ ಚಾಚೋಕೂ ಬರುತ್ತೆ’ ಅಂದ್ಕೊಳ್ತಾರೆ. 3ನೇ ಕ್ಯಾಪ್ಷನ್‌ನ ನೀರಿನ ಲೋಟ ನೆನಪಿದ್ಯಾ?

ಈಗ ಅವರನ್ನ ಅಂಗಾತ ಮಲಗಿಸಿ, ತೋಳು ಮೇಲೆತ್ತೋಕೆ ಹೇಳಿ. ತೋಳು ಏಳುತ್ತೆ. ಮೊಣಕೈ ಒಂಚೂರು ಮಡಚಿದ ಕೂಡಲೇ ಮುಂಗೈ ಧೊಪ್ ಅಂತ ಅವರದ್ದೇ ಮುಖದ ಮೇಲೆ ಬೀಳುತ್ತೆ. ತಡೆಯೋಕೆ ಹಿಂದೆ ಯಾರೂ ಇಲ್ಲ. ಸೊಳ್ಳೆ ಓಡಿಸೋಕೆ ಎತ್ತಿದ ಕೈ, ತನ್ನ ಮೂಗಿಗೇ ಗುದ್ದುತ್ತೆ. ಮೇಲಿನ ಶೆಲ್ಫಿನಿಂದ ಏನನ್ನೂ ತೆಗೆಯೋಕಾಗಲ್ಲ, ಬಾಗಿಲು ತಳ್ಳೋಕಾಗಲ್ಲ, ಮುಂದಕ್ಕೆ ವಾಲಿದ್ರೆ ಕೈ ಊರಿ ಮತ್ತೆ ಕೂರೋಕಾಗಲ್ಲ.

ಸಿ7 ಉಳಿದ್ರೆ? ಬೆರಳುಗಳು ಇನ್ನೂ ಸರಿ ಇರಲ್ಲ, ಕಾಲು ಇಲ್ಲವೇ ಇಲ್ಲ. ಆದ್ರೂ ಅಂಗೈ ಊರಿ, ಮೊಣಕೈ ಚಾಚಿ, ಸೊಂಟ ಎತ್ತಿ, ಹಾಸಿಗೆಯಿಂದ ವೀಲ್‌ಚೇರಿಗೆ ತಾವೇ ಸರಿಯೋಕೆ ದಾರಿ ಇದೆ. ಬೆಳಿಗ್ಗೆ ಅಣ್ಣನೋ ಅಮ್ಮನೋ ಎದ್ದು ಬಂದು ಎತ್ತೋ ತನಕ ಕಾಯಬೇಕಾಗಿಲ್ಲ. ಟೇಬಲ್‌ನಲ್ಲಿ ಎರಡೇ ಸಾಲಿನ ವ್ಯತ್ಯಾಸ.

(8/9)

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಚರ್ಮಕ್ಕೆ ಸ್ಪರ್ಶ ಗೊತ್ತಾಗದವರು ಒಂದೇ ಕಡೆ ಕೂತಿದ್ರೆ ಸೊಂಟದ ಮೂಳೆ ಅಡಿಯಲ್ಲಿ ರಕ್ತ ಹರಿಯೋದು ನಿಂತು ಹುಣ್ಣಾಗುತ್ತೆ. ಬೆಡ್‌ಸೋರ್. ಮೂಳೆ ಕಾಣೋವರೆಗೂ ಹೋಗಬಹುದು, ನಂಜೇರಿ ಜೀವಾನೂ ಹೋಗಬಹುದು. ತಡೆಯೋಕೆ ಹಗಲೆಲ್ಲಾ ಸುಮಾರು 15ರಿಂದ 30 ನಿಮಿಷಕ್ಕೊಮ್ಮೆ ಒತ್ತಡ ಇಳಿಸಬೇಕು. ವೀಲ್‌ಚೇರಿನ ಕೈ ಮೇಲೆ ಅಂಗೈ ಊರಿ ಸೊಂಟ ಎತ್ತಿ ಹಿಡಿಯೋದು ಒಂದು ದಾರಿ. ಮುಂದಕ್ಕೋ ಪಕ್ಕಕ್ಕೋ ವಾಲೋದು ಇನ್ನೊಂದು, ಭುಜಕ್ಕೆ ಅದೇ ಹಿತ. ಆದ್ರೆ ವಾಲಿದ ಮೇಲೆ ವಾಪಸ್ ಬರೋಕೂ ಕೈ ಊರಬೇಕು. ಎಲ್ಲಾ ದಾರಿಯೂ ತೋಳಿನ ಹಿಂಭಾಗಕ್ಕೇ ಬರುತ್ತೆ.

ಸಿ6ನವರದ್ದು ಕಥೆ ಮುಗೀತು ಅಂತಲ್ಲ. ಅವರಲ್ಲಿ ಎಷ್ಟೋ ಜನ ಒಂದು ಉಪಾಯ ಕಲೀತಾರೆ. ತೋಳನ್ನ ಹೊರಕ್ಕೆ ತಿರುಗಿಸಿ, ಅಂಗೈ ನೆಲಕ್ಕೆ ಊರಿ, ಭುಜದ ಮುಂದಿನ ಸ್ನಾಯುಗಳಿಂದ ತೋಳನ್ನ ಮುಂದಕ್ಕೆ ಒತ್ತಿದ್ರೆ ಮೊಣಕೈ ತಾನೇ ಲಾಕ್ ಆಗುತ್ತೆ. ಅಂಗೈ ಕದಲದ ಕಾರಣ ಭುಜದ ಬಲ ಮೊಣಕೈಯನ್ನ ನೆಟ್ಟಗೆ ಮಾಡುತ್ತೆ. ಟ್ರೈಸೆಪ್ಸ್ ಇಲ್ಲದೆ ಟ್ರೈಸೆಪ್ಸ್ ಕೆಲಸ. ನನಗೆ ಬಯೋಮೆಕ್ಯಾನಿಕ್ಸ್ ಮೇಲೆ ನಿಜವಾದ ಗೌರವ ಹುಟ್ಟಿದ್ದು ಇದನ್ನ ಒಬ್ಬರು ಮಾಡೋದು ನೋಡಿದ ಮೇಲೆ. ಪುಸ್ತಕ ಅಲ್ಲಿ ತನಕ ಬರೀ ಪುಸ್ತಕ.

ಸರ್ಜರಿಯೂ ಇದೆ. ಸ್ವೀಡನ್ನಿನ ಕೈ ಸರ್ಜನ್ ಎರಿಕ್ ಮೊಬೆರ್ಗ್ 1975ರಲ್ಲಿ ಪ್ರಕಟಿಸಿದ ಕೆಲಸದಿಂದ ಒಂದು ವಿಧಾನ ಹೆಸರಾಯ್ತು: ಸಿ5ನಿಂದ ನಡೆಯೋ ಡೆಲ್ಟಾಯ್ಡ್‌ನ ಹಿಂದಿನ ಭಾಗವನ್ನ ಬಿಡಿಸಿ, ಟೆಂಡನ್ ತುಂಡಿನಿಂದ ಉದ್ದ ಮಾಡಿ, ಟ್ರೈಸೆಪ್ಸ್ ಟೆಂಡನ್‌ಗೆ ಕಟ್ಟೋದು. ಬೈಸೆಪ್ಸನ್ನೇ ಹಿಂದಕ್ಕೆ ತಿರುಗಿಸಿ ಹೊಲಿಯೋ ವಿಧಾನವೂ ಇದೆ. ಈಗ ನರವನ್ನೇ ಬದಲಾಯಿಸ್ತಾರೆ; ಡೆಲ್ಟಾಯ್ಡ್ ಕಡೆ ಹೋಗೋ ನರದ ಒಂದು ಕವಲನ್ನ ಟ್ರೈಸೆಪ್ಸ್ ನರಕ್ಕೆ ಜೋಡಿಸ್ತಾರೆ.

ಯೋಚನೆ ಮಾಡಿ. ಕೈಯಲ್ಲಿ ಉಳಿದಿರೋದೇ ಬೆರಳೆಣಿಕೆಯ ಸ್ನಾಯು. ಅದರಲ್ಲಿ ಒಂದನ್ನ ಕಿತ್ತು ಹಿಂದಕ್ಕೆ ಹಾಕೋದು ಲಾಭ ಅಂತ ಸರ್ಜನ್‌ಗಳೂ ಪೇಷಂಟ್‌ಗಳೂ ಒಪ್ತಾರೆ. ಬೈಸೆಪ್ಸ್ ಕೊಟ್ಟು ಟ್ರೈಸೆಪ್ಸ್ ತಗೊಳ್ತಾರೆ. ಮಡಚೋ ಕೆಲಸಕ್ಕೆ ಬ್ರೇಕಿಯಾಲಿಸ್ ಇದೆ, ಸಾಕು. ನಮ್ಮ ಜಿಮ್ ಕನ್ನಡಿಯ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ.

(9/9)

ಬೆನ್ನುಹುರಿ ಪೆಟ್ಟು ಎಲ್ರಿಗೂ ಬರಲ್ಲ. ಊರುಗೋಲು ಯಾರ ಮನೆಗಾದ್ರೂ ಬರುತ್ತೆ. ಕೊನೇ ತಕರಾರು ಅದರದ್ದು.

ಕಾಲು ಮುರಿದವರಿಗೆ ಊರುಗೋಲು ಅಂದ್ರೆ ಹಳ್ಳಿ ಕಡೆ ಏನಾಗುತ್ತೆ? ಪಕ್ಕದ ಮನೇಲಿ ಹೋದ ವರ್ಷದ್ದು ಇರುತ್ತೆ, ತರ್ತಾರೆ. ಆ ಮನೆಯವರು ಆರಡಿ, ಇವರು ಐದಡಿ. ಕಂಕುಳಿಗೆ ಸಿಗಿಸಿಕೊಂಡು ಅದರ ಮೇಲೆ ಜೋತು ಬಿದ್ದು ನಡೀತಾರೆ. ಕಂಕುಳಲ್ಲಿ ಹಾದು ಬರೋದು ರೇಡಿಯಲ್ ನರ್ವ್. ದಿನಗಟ್ಟಲೆ ಒತ್ತಿದ್ರೆ ಮಣಿಕಟ್ಟು ಜೋಲುತ್ತೆ, ಜೊತೆಗೆ ಟ್ರೈಸೆಪ್ಸೂ ಸೋಲಬಹುದು. ಊರುಗೋಲಿನ ಮೇಲೆ ಮೈ ಎತ್ತಬೇಕಾಗಿದ್ದೇ ಆ ಸ್ನಾಯು!

(ವೈವಾಗೆ: ಕುಡಿದು ಕುರ್ಚಿ ಬೆನ್ನಿಗೆ ಕೈ ಜೋತು ಹಾಕಿ ಮಲಗಿದವನಿಗೂ ಮಣಿಕಟ್ಟು ಜೋಲುತ್ತೆ, ಆದ್ರೆ ಅಲ್ಲಿ ಟ್ರೈಸೆಪ್ಸ್ ಬಹುಮಟ್ಟಿಗೆ ಉಳಿಯುತ್ತೆ. ಒತ್ತಿದ್ದು ಕಾಲುವೆಯಲ್ಲಿ, ಟ್ರೈಸೆಪ್ಸ್‌ಗೆ ಹೋಗೋ ಕವಲುಗಳಲ್ಲಿ ಹೆಚ್ಚಿನವು ಅದಕ್ಕೂ ಮೇಲೇ ಹೊರಟಿರ್ತವೆ. ಕಂಕುಳಲ್ಲಿ ಒತ್ತಿದ್ರೆ ಕವಲು ಒಡೆಯೋ ಮೊದಲೇ ಪೆಟ್ಟು. ಟ್ರೈಸೆಪ್ಸ್ ರಿಫ್ಲೆಕ್ಸ್ ತಟ್ಟಿ ನೋಡಿದ್ರೆ ಪೆಟ್ಟು ಎಲ್ಲಿ ಅಂತ ಅರ್ಧ ಗೊತ್ತಾಗುತ್ತೆ.)

ಅಳತೆ ಕಷ್ಟ ಏನಿಲ್ಲ. ನಿಂತಾಗ ಊರುಗೋಲಿನ ತುದಿಗೂ ಕಂಕುಳಿಗೂ ಎರಡು ಮೂರು ಬೆರಳಗಲ ಜಾಗ ಇರಲಿ. ಹಿಡಿ ಹಿಡಿದಾಗ ಮೊಣಕೈ 20ರಿಂದ 30 ಡಿಗ್ರಿ ಮಡಚಿರಲಿ, ಅದನ್ನ ಚಾಚಿದಾಗಲೇ ಮೈ ಮೇಲೇಳೋದು. ಭಾರ ಅಂಗೈ ಮೇಲೆ, ಕಂಕುಳ ಮೇಲಲ್ಲ. ಮತ್ತೆ ಊರುಗೋಲು ಕೈಗೆ ಕೊಡೋ ಮುಂಚೆ, ಪ್ಲಾಸ್ಟರ್ ಹಾಕ್ಕೊಂಡು ಹಾಸಿಗೆ ಮೇಲಿರುವಾಗಲೇ, ಕೈ ಊರಿ ಸೊಂಟ ಎತ್ತೋದನ್ನ ಶುರು ಮಾಡಿಸಬೇಕು. ನಮ್ಮ ಪುಸ್ತಕದಲ್ಲಿ ಇದು ಇದೆ. ಪೋಸ್ಟಿಂಗ್‌ನಲ್ಲಿ ಬೆಳಿಗ್ಗೆ ಅರವತ್ತು ಪೇಷಂಟ್ ಸಾಲು ನಿಂತಾಗ ಮೊದಲು ಬಿಟ್ಟುಹೋಗೋದೂ ಇದೇ. ಐದು ನಿಮಿಷದ ಕೆಲಸ, ಟೇಪ್ ಕೂಡ ಬೇಕಿಲ್ಲ, ಸ್ಟೂಡೆಂಟ್‌ಗಳು ನಾವೇ ಮಾಡಬಹುದು. ಯಾರನ್ನೂ ಕೇಳಬೇಕಾಗಿಲ್ಲ.

ಕ್ಲಾಸ್‌ಮೇಟ್ಸ್, ಕೇಸ್ ಶೀಟಲ್ಲಿ ‘ಟ್ರೈಸೆಪ್ಸ್ 2/5’ ಅಂತ ಬರೆದು ಪುಟ ತಿರುಗಿಸ್ತೀವಲ್ಲ. 2 ಅಂದ್ರೆ ಗುರುತ್ವ ಇಲ್ಲದಾಗ ಮಾತ್ರ ಚಲನೆ, 3 ಅಂದ್ರೆ ಗುರುತ್ವದ ವಿರುದ್ಧ ಪೂರ್ತಿ ಚಲನೆ. ಆ ಅಂಕಿಯ ಕೆಳಗೆ ಇನ್ನೊಂದು ಸಾಲು ಸೇರಿಸೋಣ ಅನ್ನೋದು ನನ್ನ ಪ್ರಸ್ತಾಪ: ‘ಹಾಸಿಗೆಯಿಂದ ಕುರ್ಚಿಗೆ ಹೇಗೆ ಹೋಗ್ತಾರೆ, ಯಾರು ಎತ್ತುತ್ತಾರೆ?’ ಮೇಡಂ ಕೇಳಿದ್ರೆ ಫಾರ್ಮ್ಯಾಟ್‌ನಲ್ಲಿ ಇಲ್ಲ ಅಂತಾರೇನೋ. ಮಾರ್ಜಿನ್‌ನಲ್ಲಿ ಬರೆಯೋಣ.

ಗುರುವಾರದ ಬ್ಯಾಚ್‌ನವರು ಈ ವಾರದಿಂದಲೇ ಶುರು ಮಾಡ್ತೀವಿ ಅಂದಿದ್ದಾರೆ. ಉಳಿದ ಬ್ಯಾಚ್‌ನವರು ಕಾಮೆಂಟಲ್ಲಿ ಹೆಸರು ಹಾಕಿ. ಮುಂದಿನ ಸರಣಿ ಮುಂಗೈದು.

#ಟ್ರೈಸೆಪ್ಸ್ #ರಟ್ಟೆ #ಅನಾಟಮಿಕನ್ನಡದಲ್ಲಿ #ಬಿಪಿಟಿಲೈಫ್ #ಫಿಸಿಯೋಥೆರಪಿ #ಊರುಗೋಲು